ತಮಿಳಿನಲ್ಲಿ ಮೊದಲೇ ಆಗಿಹೋದದ್ದು

ಕಿರುಚಿತ್ರ ಮಾಡುವವರ ಮೇಲೆ ನನಗೆ ಮೊದಲಿಂದಲೂ ಒಂದು ಸಿಟ್ಟು. ಇರುವುದೇ ಹತ್ತು ನಿಮಿಷ, ಅದರಲ್ಲಿ ಅರ್ಧ ಹೊತ್ತು ನಲ್ಲಿ ತೊಟ್ಟಿಕ್ಕುತ್ತದೆ. ಆಮೇಲೆ ಒಬ್ಬ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಾನೆ. ಹೊರಗೆ ಏನಿದೆ ಎಂದು ನಮಗೆ ತೋರಿಸುವುದಿಲ್ಲ. ಅವನು ಇಷ್ಟು ಹೊತ್ತು ಮಾತಾಡಿಸುತ್ತಿದ್ದ ಹೆಂಡತಿ ಸತ್ತು ಎಷ್ಟೋ ವರ್ಷವಾಗಿತ್ತು ಎಂದು ಕೊನೆಗೆ ಗೊತ್ತಾಗುತ್ತದೆ. ನಮ್ಮೂರು ತಮಿಳುನಾಡಿಗೆ ಸೇರಿದ ಗಡಿಯೂರು ತಳಿ ಕಡೆ. ಅಲ್ಲಿಂದ ಕಂಪನಿ ಬಸ್ಸು ಹೊಸೂರು ಮುಟ್ಟುವಷ್ಟರಲ್ಲಿ ನನ್ನ ಫೋನಿನಲ್ಲಿ ಇಂಥ ಇಬ್ಬರು ಹೆಂಡತಿಯರಾದರೂ ಸತ್ತಿರುತ್ತಾರೆ. ಕಾರ್ಖಾನೆಯಲ್ಲಿ ನನ್ನ ಕೆಲಸ ಬಿಡಿಭಾಗಗಳನ್ನು ಬೆಳಕಿಗೆ ಹಿಡಿದು ನೋಡಿ, ಗೀರು ಬಿದ್ದದ್ದನ್ನು ಕೆಂಪು ಟ್ರೇಗೆ ಹಾಕುವುದು. ದಿನವಿಡೀ ತಪ್ಪು ಹುಡುಕುವವಳ ಕಣ್ಣು ಬಸ್ಸು ಹತ್ತಿದ ಕೂಡಲೇ ಮೆತ್ತಗಾಗುವುದಿಲ್ಲ.

ಧಾರಾವಾಹಿಯವರು ವಾಸಿ. ಬಾಗಿಲು ಒಂದು ಸಲ ತೆರೆದರೆ ಮೂರು ಕಡೆಯಿಂದ ತೋರಿಸಿ ಮೂರು ಸಲ ಗುಡುಗಿಸುತ್ತಾರೆ. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿರುವವಳಿಗೂ ಯಾರೋ ಬಂದರು ಎಂದು ತಿಳಿಯುತ್ತದೆ. ಅದು ದೊಡ್ಡ ಉಪಕಾರ. ರೇಷ್ಮೆ ಸೀರೆ ಉಟ್ಟುಕೊಂಡೇ ಮಲಗುತ್ತಾರೆ, ಅದನ್ನೂ ನಾನು ಕ್ಷಮಿಸಿದ್ದೇನೆ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೂ ಪಾತ್ರೆ ತೊಳೆಯುವುದಿಲ್ಲವಲ್ಲ, ಅದನ್ನು ಮಾತ್ರ ಕ್ಷಮಿಸಲಾರೆ.

ನನ್ನದು ಬರಿಯ ಅಭಿಪ್ರಾಯ. ನಮ್ಮತ್ತೆಯದು ಭವಿಷ್ಯ. ಅದು ಹೇಗೆಂದರೆ, ಒಂದು ಧಾರಾವಾಹಿ ಮೊದಲು ತಮಿಳಿನಲ್ಲಿ ಬರುತ್ತಿತ್ತು. ಅದೇ ಕಥೆಯನ್ನು ಕನ್ನಡದವರು ಬೇರೆ ಮುಖ, ಬೇರೆ ಹೆಸರು ಹಾಕಿ ನಾಲ್ಕೈದು ತಿಂಗಳು ತಡವಾಗಿ ತೋರಿಸುತ್ತಿದ್ದರು. ನಮ್ಮ ಬೀದಿಯಲ್ಲಿ ಎಲ್ಲರಿಗೂ ಎರಡು ಭಾಷೆಯೂ ಬರುತ್ತದೆ, ತೆಲುಗು ಸೇರಿದರೆ ಮೂರು. ಆದರೆ ತಮಿಳಿನದು ಬರುವುದು ಸರಿಯಾಗಿ ಹಾಲು ಕರೆದು ಡೈರಿಗೆ ಹಾಕುವ ಹೊತ್ತಿಗೆ. ಆಗ ಹೆಂಗಸರೆಲ್ಲ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಮಂಡಿನೋವು ಬಂದ ಮೇಲೆ ಹಸು ಮಾರಿ ಕೂತಿದ್ದವರು ಅತ್ತೆ ಒಬ್ಬರೇ. ಹಾಗಾಗಿ ತಮಿಳಿನಲ್ಲಿ ಏನಾಯಿತು ಎಂಬುದು ಇಡೀ ಬೀದಿಯಲ್ಲಿ ಅವರೊಬ್ಬರಿಗೇ ಗೊತ್ತು.

ಕನ್ನಡದ್ದು ಶುರುವಾಗುವ ಹೊತ್ತಿಗೆ ಡೈರಿ ಮುಗಿಸಿದ ಹೆಂಗಸರು ಖಾಲಿ ಕ್ಯಾನು ಸಮೇತ ನಮ್ಮ ಜಗುಲಿಗೆ ಬರುತ್ತಿದ್ದರು. ನಾಯಕನ ಕಾರು ಮರಕ್ಕೆ ಗುದ್ದಿದ ದಿನ ಎದುರುಮನೆಯಾಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತೆ ಅವರೆಕಾಯಿ ಬಿಡಿಸುತ್ತ, ತಲೆ ಎತ್ತದೆ, "ಸಾಯಾಕಿಲ್ಲ ಬುಡಮ್ಮಿ. ನೆನಪು ಹೋಯ್ತದೆ ಅಷ್ಟೆ" ಎಂದರು. ಮಾರನೆಯ ವಾರ ಅವನಿಗೆ ನೆನಪು ಹೋಯಿತು. ಆ ಕೆಟ್ಟ ಹೆಂಗಸು ಜೈಲಿಗೆ ಹೋಗುವುದು ಯಾವಾಗ ಎಂದು ಯಾರಾದರೂ ಕೇಳಿದರೆ, "ಸಂಕ್ರಾಂತಿ ಕಳೀಲಿ" ಎನ್ನುತ್ತಿದ್ದರು. ಪಂಚಾಂಗ ತಪ್ಪಿದರೂ ಅತ್ತೆ ತಪ್ಪುವುದಿಲ್ಲ ಎಂದು ಬೀದಿಯಲ್ಲಿ ಮಾತಾಯಿತು. ಹಸು ಮಾರಿದ ಮೇಲೆ ಸಪ್ಪಗಾಗಿದ್ದವರಿಗೆ ಬೆನ್ನು ನೆಟ್ಟಗಾಯಿತು. ಸೊಸೆಯಾಗಿ ನಾನು ಹೇಳಬಾರದು, ಆದರೆ ಆ ದಿನಗಳಲ್ಲಿ ಅವರ ಬಿಗುಮಾನವನ್ನು ಸಹಿಸುವುದು ಕಷ್ಟವಿತ್ತು.

ಜಗುಲಿಗೆ ತಪ್ಪದೆ ಬರುತ್ತಿದ್ದವರಲ್ಲಿ ಅತ್ತೆಯ ತಂಗಿಯೂ ಒಬ್ಬರು. ನಾನು ಅವರನ್ನು ಚಿಕ್ಕತ್ತೆ ಎನ್ನುತ್ತೇನೆ. ಗಂಡ ತೀರಿಕೊಂಡ ಮೇಲೆ ಎರಡು ಸೀಮೆಹಸು ಕಟ್ಟಿಕೊಂಡು ಒಬ್ಬಳೇ ಮಗಳನ್ನು ಓದಿಸಿದವರು. ಆ ಮಗಳು ನಮ್ಮ ಕಾರ್ಖಾನೆಗೇ ಸೇರಿದಳು. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಕೃಷ್ಣಗಿರಿ ಕಡೆಯ ತಮಿಳು ಹುಡುಗನನ್ನು ಮೆಚ್ಚಿ, ಮನೆಯಲ್ಲಿ ಹೇಳದೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿ ಹೊಸೂರಿನಲ್ಲಿ ಸಂಸಾರ ಹೂಡಿದಳು. ಹುಡುಗ ಬೇರೆ ಮಾತಿನವನು ಎಂಬುದು ಚಿಕ್ಕತ್ತೆಗೆ ಅಂಥ ದೊಡ್ಡ ವಿಷಯವಾಗಿರಲಿಲ್ಲ. ಸುದ್ದಿ ಡೈರಿಯ ಸಾಲಿನಲ್ಲಿ ತಿಳಿಯಿತು ನೋಡಿ, ಹಿಂದೆ ನಿಂತವಳಿಗೆ ಗೊತ್ತು, ಮುಂದೆ ನಿಂತವಳಿಗೆ ಗೊತ್ತು, ನಡುವೆ ನಿಂತ ಹೆತ್ತವಳಿಗೆ ಗೊತ್ತಿಲ್ಲ. ಆ ಅವಮಾನ ಅವರಿಗೆ ನುಂಗಲಾಗಲಿಲ್ಲ. ಅಂದಿನಿಂದ ಮಗಳ ಫೋನು ಎತ್ತಲಿಲ್ಲ. ಹಾಲಿನ ಗುಣ ನೋಡುವವನ ಜೊತೆ ತಮಿಳಿನಲ್ಲೇ ಜಗಳ ಕಾಯುವವರು ಅಳಿಯನ ಮಾತು ಬಂದರೆ ಸಾಕು, "ನನ್ಗೆ ತಮಿಳು ಬರಾಕಿಲ್ಲ" ಎಂದುಬಿಡುತ್ತಿದ್ದರು.

ಅಷ್ಟರಲ್ಲಿ ಮಗಳಿಗೆ ಏಳು ತಿಂಗಳಾಯಿತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅದಕ್ಕೆ ತಾಯಿಯೇ ಹೋಗಿ ಬಳೆ ತೊಡಿಸಿ, ಮಡಿಲು ತುಂಬಿ ಕರೆದುಕೊಂಡು ಬರಬೇಕು. ಕರೆಯದೆ ಮಗಳು ಬರುವಂತಿಲ್ಲ. ಅವಳು ಕ್ಯಾಂಟೀನಿನಲ್ಲಿ ನನ್ನೆದುರು ತಟ್ಟೆ ಇಟ್ಟುಕೊಂಡು ಕೂತು, "ಅತ್ತಿಗೆ, ಅಮ್ಮ ಬತ್ತದಾ?" ಎಂದಳು. ಅನ್ನ ಕಲಸಿದ್ದಳು, ತಿನ್ನಲಿಲ್ಲ. ನನಗೆ ಚಿಕ್ಕತ್ತೆಯ ಮೇಲೆ ರೇಗಿತು.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವಳು ನಾನು. ಬಸ್ಸಿನಲ್ಲಿ ನೋಡಿದ್ದ ಒಂದು ಕಿರುಚಿತ್ರವನ್ನು ಚಿಕ್ಕತ್ತೆಗೆ ತೋರಿಸಿದೆ. ನಾನು ಕೆಂಪು ಟ್ರೇಗೆ ಹಾಕದೆ ಬಿಟ್ಟಿದ್ದ ಅಪರೂಪದ್ದು. ಒಬ್ಬ ತಾಯಿ ಒಲೆಯ ಮೇಲೆ ಹಾಲಿಟ್ಟು, ಮುನಿಸಿಕೊಂಡು ಹೋದ ಮಗಳ ದಾರಿ ಕಾಯುತ್ತ ಬಾಗಿಲಲ್ಲಿ ಕೂತಿರುತ್ತಾಳೆ. ಮಾತೇ ಇಲ್ಲ. ಚಿಕ್ಕತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದು ಉಸಿರು ಬಿಗಿಹಿಡಿದು ನೋಡಿದರು. ಅವರ ಹಣೆ ಗಂಟಾಯಿತು. ಮನಸ್ಸಿಗೆ ನಾಟಿತು ಅಂದುಕೊಂಡೆ. ಕೊನೆಗೆ ಮಗಳು ಬಂದು ತಾಯಿಯನ್ನು ತಬ್ಬಿಕೊಂಡಾಗ ಚಿಕ್ಕತ್ತೆ ಫೋನು ಕೆಳಗಿಟ್ಟು ಎದೆ ಸವರಿಕೊಂಡರು.

"ಹಾಲು ಉಕ್ತಾ, ಇಲ್ವಾ ಅಂತ ಒಬ್ರಾದ್ರೂ ಎದ್ದು ನೋಡಿದ್ರಾ? ಇಬ್ರಿಗೂ ಬುದ್ಧಿ ಇಲ್ಲ" ಎಂದರು. ಅವರು ಉದ್ದಕ್ಕೂ ನೋಡಿದ್ದು ಹಾಲನ್ನು. ನಾನು ಫೋನು ತೆಗೆದುಕೊಂಡು ಒಳಗೆ ಹೋದೆ.

ಅವರ ಜೀವವೆಲ್ಲ ಧಾರಾವಾಹಿಯಲ್ಲಿತ್ತು. ಅಲ್ಲಿಯೂ ಒಬ್ಬ ಮಗಳು ಹೇಳದೆ ಮದುವೆಯಾಗಿ ಹೋಗಿದ್ದಳು, ತಾಯಿ ಮುನಿಸಿಕೊಂಡಿದ್ದಳು. ಕನ್ನಡದವಳಿಗೆ ಆಗಿನ್ನೂ ವಾಂತಿ ಶುರುವಾಗಿತ್ತು. ತಮಿಳಿನವಳಿಗೆ ಆಗಲೇ ದಿನ ತುಂಬುತ್ತ ಬಂದಿತ್ತು. ಚಿಕ್ಕತ್ತೆ ದಿನವೂ ಕ್ಯಾನು ಕೆಳಗಿಡುವ ಮೊದಲೇ, "ತಮಿಳ್ನಾಗೆ ಅವ್ಳ ತಾಯಿ ಹೋದ್ಲಾ, ಅಕ್ಕ?" ಎಂದು ಕೇಳುವರು. ಅತ್ತೆ, "ಇನ್ನೂ ಇಲ್ಲ ಕಣಮ್ಮಿ" ಎನ್ನುವರು. ಸ್ವಂತ ಮಗಳ ಬಗ್ಗೆ ಅಕ್ಕತಂಗಿ ಒಂದು ಮಾತೂ ಆಡುತ್ತಿರಲಿಲ್ಲ.

ಒಂದು ಸಂಜೆ ನಾನು ಶಿಫ್ಟು ಮುಗಿಸಿ ಬಂದಾಗ ಅತ್ತೆ ಟಿವಿ ಆರಿಸಿಕೊಂಡು ಕೂತಿದ್ದರು. ಆ ಹೊತ್ತಿನಲ್ಲಿ ನಮ್ಮ ಮನೆಯ ಟಿವಿ ಸುಮ್ಮನಿದ್ದದ್ದು ನಾನು ಕಂಡೇ ಇರಲಿಲ್ಲ. ಏನಾಯಿತು ಎಂದೆ.

"ಬಾಗ್ಲು ಹಾಕ್ಬುಟ್ಳು. ಮಗಳು ಹೊರ್ಗೆ ನಿಂತವ್ಳೆ, ಇವ್ಳು ಚಿಲಕ ಹಾಕ್ಬುಟ್ಳು" ಎಂದರು ಅತ್ತೆ.

ಅಷ್ಟರಲ್ಲಿ ಚಿಕ್ಕತ್ತೆ ಬಂದರು. ಕ್ಯಾನು ಕೈಯಲ್ಲೇ ಇತ್ತು. "ಏನಾಯ್ತಕ್ಕ ತಮಿಳ್ನಾಗೆ?"

ಅತ್ತೆ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ, "ಹೋದ್ಲು ಕಣಮ್ಮಿ. ಬಳೆ ತಕ್ಕೊಂಡು ಹೋದ್ಲು" ಎಂದರು.

ಚಿಕ್ಕತ್ತೆ ಜಗುಲಿಯ ಮೇಲೆ ಕೂತರು. "ಯಾವುದ್ರಾಗೆ ಹೋದ್ಲು?"

"ಬಸ್ಸಿನಾಗೆ."

ಆ ತಾಯಿ ಎದುರುಮನೆಗೆ ಹೋಗುವುದಕ್ಕೂ ಕಾರು ಹತ್ತುವವಳು. ಚಿಕ್ಕತ್ತೆಗೂ ಅದು ಗೊತ್ತು. ಆದರೆ ಬಸ್ಸಿಗೆ ತಕರಾರು ಮಾಡಲಿಲ್ಲ.

"ಅಳಿಯ ಏನಂದ?"

"ಕಾಲಿಗೆ ಬಿದ್ದ."

"ಬೀಗಿತ್ತಿ?"

"ಕಾಪಿ ಕೊಟ್ಲು. ಸಕ್ಕರೆ ಸ್ವಲ್ಪ ಜಾಸ್ತಿ ಆಗಿತ್ತು."

ಚಿಕ್ಕತ್ತೆ ಕ್ಯಾನಿನ ಮುಚ್ಚಳ ತಿರುವಿದರು. ಬಳಿಕ ಮೆಲ್ಲನೆ, "ಅವತ್ತು ಹಸು ಯಾರು ಕರುದ್ರು?" ಎಂದರು.

ಬಂಗಲೆಯಲ್ಲಿ ಕೂತು ವಜ್ರದ ಓಲೆ ಹಾಕಿಕೊಳ್ಳುವ ಆ ಹೆಂಗಸು ಹಸುವಿನ ಬಾಲವನ್ನೂ ಮುಟ್ಟಿದವಳಲ್ಲ. ನನಗೆ ನಗು ಒತ್ತರಿಸಿ ಬಂತು. ಅತ್ತೆ ನಗಲಿಲ್ಲ. "ಅವ್ಳಿಗೊಬ್ಳು ಅಕ್ಕ ಅವ್ಳೆ ಕಣಮ್ಮಿ. ಅವ್ಳು ಕರುದ್ಲು" ಎಂದರು.

ಮುಂದಿನ ಶುಕ್ರವಾರ ಚಿಕ್ಕತ್ತೆ ಹಸಿರು ಬಳೆ, ಅಕ್ಕಿ, ತೆಂಗಿನಕಾಯಿ, ಒಂದು ಡಬ್ಬಿ ತಂಬಿಟ್ಟು ತೆಗೆದುಕೊಂಡು ಬೆಳಗಿನ ಹೊಸೂರು ಬಸ್ಸು ಹತ್ತಿದರು. ನಾನು ರಜೆ ಹಾಕಿ ಅತ್ತೆಯ ಜೊತೆ ಚಿಕ್ಕತ್ತೆಯ ಕೊಟ್ಟಿಗೆಗೆ ಹೋದೆ. ಮಂಡಿ ಮಡಚಲಾಗದ ಅತ್ತೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹಾಲು ಕರೆಯಲು ಕೂತರು. ಕುರ್ಚಿಯಲ್ಲಿ ಕೂತು ಹಾಲು ಕರೆಯುವವರನ್ನು ಆ ಹಸು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಒಂದೇ ಒದೆತಕ್ಕೆ ಬಕೆಟ್ಟು ಒಂದು ಕಡೆ, ಅತ್ತೆಯ ಕನ್ನಡಕ ಒಂದು ಕಡೆ. ಅತ್ತೆ ಹಸುವಿಗೆ ಮೂರು ಭಾಷೆಯಲ್ಲೂ ಬೈದರು. ಸಂಜೆಯ ಹೊತ್ತಿಗೆ ಹೇಗೋ ಅರ್ಧ ಕ್ಯಾನು ಮಾಡಿಕೊಂಡು ಡೈರಿಗೆ ಹೋದೆವು, ತಮಿಳಿನ ಕಂತು ತಪ್ಪಿತು. ನಾವು ವಾಪಸು ಬರುವಾಗ ಚಿಕ್ಕತ್ತೆ ಮಗಳನ್ನು ಕೈಹಿಡಿದು ಬಸ್ಸಿನಿಂದ ಇಳಿಸುತ್ತಿದ್ದರು. ಅಳಿಯ ಹಿಂದಿನಿಂದ ಚೀಲ ಹೊತ್ತುಕೊಂಡು ಬಂದ. ಚಿಕ್ಕತ್ತೆ ಅವನಿಗೆ ತಮಿಳಿನಲ್ಲೇ, ಮೆಟ್ಟಿಲು ನೋಡಿಕೊಂಡು ಇಳಿ ಎಂದು ಗದರಿದರು.

ಹೆಣ್ಣು ಮಗು ಹುಟ್ಟಿತು. ಬಾಣಂತನ ಸಾಂಗವಾಗಿ ನಡೆಯಿತು. ಇತ್ತ ಕನ್ನಡದ ಧಾರಾವಾಹಿ ತೆವಳಿಕೊಂಡು ಆ ಚಿಲಕ ಹಾಕುವ ಜಾಗಕ್ಕೆ ಬರುತ್ತಿತ್ತು. ಮಳೆ ಬಂದು ಕೇಬಲ್ ಹೋಗಲಿ ಎಂದು ನಾನು ದೇವರಿಗೆ ಹರಕೆ ಹೊರುವುದೊಂದು ಬಾಕಿ. ಅಂದು ಜಗುಲಿ ತುಂಬಿತ್ತು. ಮಗಳೂ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ಗೋಡೆಗೆ ಒರಗಿ ಕೂತಿದ್ದಳು. ಮಗು ಚಿಕ್ಕತ್ತೆಯ ತೊಡೆಯ ಮೇಲೆ ಮಲಗಿತ್ತು. ಟಿವಿಯಲ್ಲಿ ಆ ತಾಯಿ ಬಾಗಿಲಿಗೆ ಬಂದಳು, ಮಗಳನ್ನು ನೋಡಿದಳು, ಮೂರು ಸಲ ಗುಡುಗಿತು, ಚಿಲಕ ಬಿತ್ತು.

ಎಲ್ಲರೂ ಟಿವಿ ಬಿಟ್ಟು ಅತ್ತೆಯ ಕಡೆ ತಿರುಗಿದರು. ಎದುರುಮನೆಯಾಕೆ, "ಏನಕ್ಕ, ತಮಿಳ್ನಾಗೆ ಹೋದ್ಲು ಅಂದಿದ್ರಂತೆ?" ಎಂದಳು.

ಕನ್ನಡದವರು ಕಥೆ ಬದಲಾಯಿಸಿಬಿಟ್ಟರು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಸುಳ್ಳಿಗೆ ಹೊಂದಿಸಿ ಮುಂದಕ್ಕೆ ಹೇಳಿದ್ದೂ ಒಂದೊಂದಾಗಿ ತಪ್ಪುತ್ತದೆ, ಪ್ರತಿ ಸಲವೂ ಅದೇ ನೆಪ ನಡೆಯುವುದಿಲ್ಲ ಎಂದು ಅತ್ತೆಗೆ ಗೊತ್ತಿತ್ತು. ಅವರು ಸೆರಗು ಸರಿಮಾಡಿಕೊಂಡು, "ನನ್ಗೆ ಮೊದ್ಲಿಂದ್ಲೂ ತಮಿಳು ಅಷ್ಟಾಗಿ ತಿಳ್ಯಾಕಿಲ್ಲ" ಎಂದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಇಷ್ಟು ದಿನ ಬಾಯಿಗೆ ಬಂದದ್ದು ಹೇಳಿ ನಮ್ಮನ್ನು ಆಡಿಸಿದೆಯಾ ಎಂದು ಒಬ್ಬಳು ಕೇಳಿದಳು. ಮಾರನೆಯ ದಿನದಿಂದ ಭವಿಷ್ಯ ಕೇಳಲು ಯಾರೂ ಬರುವುದಿಲ್ಲ ಎಂಬುದು ನನಗೆ ಅಲ್ಲೇ ತಿಳಿಯಿತು. ಆ ಮುದುಕಿಯ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ನಗದೆ ಇದ್ದವಳು ಬಾಣಂತಿ ಒಬ್ಬಳೇ. ಅವಳ ಕಣ್ಣು ತುಂಬಿತ್ತು. "ಹೆತ್ತೋಳು ಹಿಂಗೆ ಬಾಗ್ಲು ಹಾಕ್ತಾಳಾ, ಅಮ್ಮ?" ಎಂದು ಕೇಳಿದಳು.

ಚಿಕ್ಕತ್ತೆ ಮಗುವಿನ ಮೇಲೆ ಕೂತ ನೊಣ ಓಡಿಸಿದರು. ಅಕ್ಕನ ಕಡೆ ನೋಡಲಿಲ್ಲ.

"ಪಾಪ, ಅವ್ಳಿಗೆ ಸುಳ್ಳು ಹೇಳೋರು ಯಾರೂ ಇರ್ಲಿಲ್ಲ ಕಣಮ್ಮಿ" ಎಂದರು.