ಬಾನೆಟ್ಟಿಗೆ ಕಾಯಿನೀರು

ನನ್ನ ನಿದ್ದೆ ಕೆಡಲು ದೊಡ್ಡ ಕಾರಣವೇನೂ ಬೇಕಿಲ್ಲ. ಬಣ್ಣದ ಕೆಳಗೆ ಎದ್ದ ಒಂದು ಗುಳ್ಳೆ ಸಾಕು. ಅಪ್ಪ ಬಿಟ್ಟುಹೋದ ಅಂಬಾಸಿಡರ್ ಕಾರಿನ ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಅಂಥದ್ದೊಂದು ಕಂಡಿತು. ಮುಟ್ಟಬಾರದಿತ್ತು, ಮುಟ್ಟಿದೆ. ಬೆರಳು ಒಳಗೇ ಹೋಯಿತು. ಅಲ್ಲಾಡುವ ಹಲ್ಲಿನ ಕಡೆಗೇ ನಾಲಿಗೆ ಮತ್ತೆ ಮತ್ತೆ ಹೋಗುತ್ತದಲ್ಲ, ಹಾಗೆ ದಿನವೂ ಅಲ್ಲೇ ಸುಳಿದಾಡಿ ಆ ತೂತನ್ನು ರೂಪಾಯಿಯಗಲ ಮಾಡಿಟ್ಟೆ.

ಕೊನೆಗೆ ಕೊಪ್ಪಳದಿಂದ ಗಂಗಾವತಿಗೆ, ಟಿಂಕರಿಂಗ್ ಮಾಡುವ ಖಾಜಾಸಾಬರ ಹತ್ತಿರ ಒಯ್ದೆ. ಅವರು ಅಂಚಿನ ಮಡಿಕೆ ಬಿಚ್ಚಿದರು ನೋಡಿ, ತುಕ್ಕಿನ ಪುಡಿಯ ಜೊತೆಗೆ ಒಣಗಿದ ಸೇವಂತಿಗೆ ಎಸಳು, ಕುಂಕುಮದ ಹೆಂಟೆ, ತೆಂಗಿನ ಜುಂಗು ಉದುರಿದವು.

"ಇದು ಕಾರೋ ಗುಡಿಯೋ, ಸರ?" ಎಂದು ಅವರು ನಕ್ಕರು. ನಾನು ಎಸಳುಗಳನ್ನು ಬೇಗಬೇಗ ಹೆಕ್ಕಿ ಜೇಬಿಗೆ ಹಾಕಿಕೊಂಡೆ.

ಏಕೆಂದರೆ ಇದು ನನ್ನ ಅವ್ವನ ಕೆಲಸ. ಪ್ರತಿ ಅಮಾವಾಸ್ಯೆಗೂ ಕಾರಿಗೆ ಪೂಜೆ ಮಾಡಿ, ಬಾನೆಟ್ಟಿನ ಸಂದಿಯಲ್ಲಿ ಒದ್ದೆ ಹೂ ಸಿಗಿಸಿ, ಕಾಯಿ ಒಡೆದು ಆ ನೀರನ್ನು ಮೇಲೆ ಸುರಿಯುವುದು ಅವಳ ನೇಮ. ನಮ್ಮ ಹಿರಿಯರು ಅಭಿಷೇಕದ ದೇವರನ್ನು ಕಲ್ಲಿನಲ್ಲೇ ಏಕೆ ಮಾಡಿದರೆಂದು ಆಗ ಹೊಳೆಯಿತು. ಇಟಗಿಯ ಮಹಾದೇವ ಚಾಲುಕ್ಯರ ಕಾಲದಿಂದ ನೀರು, ಹಾಲು, ಮೊಸರು ಎಲ್ಲವನ್ನೂ ತಡೆದುಕೊಂಡಿದ್ದಾನೆ. ತಗಡಿನಲ್ಲಿ ಮಾಡಿದ್ದರೆ ಅವನನ್ನೂ ಗಂಗಾವತಿಗೆ ತರಬೇಕಾಗುತ್ತಿತ್ತು.

ಆದರೆ ಅವ್ವನಿಗೆ ಹೇಳುವುದು ಹೇಗೆ? "ಜಲ್ಮೆಲ್ಲಾ ಕುಷ್ಟಗಿ, ಯಲಬುರ್ಗಿ ಅಂತ ಬಾಡಿಗಿ ಹೊಡದ ನಿಮ್ಮಪ್ಪ. ಒಂದಿನಾನೂ ಮೈಗೆ ಗೀರು ಬೀಳಲಿಲ್ಲ. ಈ ಕಾಯಿನ ಕಾದೈತಿ" ಎನ್ನುವವಳು ಅವಳು. ಅಪ್ಪನ ದಾರಿ ಕಾಯುತ್ತ ಅವಳು ಪಟ್ಟ ದಿಗಿಲೆಲ್ಲ ಆ ಕಾಯಿಯೊಳಗಿದೆ. ಅದೇ ಕಾಯಿ ಕಾರನ್ನು ತಿಂದಿತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹೇಳದಿದ್ದರೆ ಹೊಸ ತಗಡೂ ಉಳಿಯುವುದಿಲ್ಲ. ನನಗೋ, ಅವ್ವನೂ ಬೇಕು, ಬಾನೆಟ್ಟೂ ಬೇಕು.

ಖಾಜಾಸಾಬರು ಕೊಳೆತ ಭಾಗ ಕತ್ತರಿಸಿ, ಹೊಸ ತಗಡು ವೆಲ್ಡಿಂಗ್ ಮಾಡಿ, ತಟ್ಟಿ ಸಮ ಮಾಡತೊಡಗಿದರು. ಒಂದೊಂದು ಏಟಿಗೂ ನಾನು ಕಣ್ಣು ಮುಚ್ಚುತ್ತಿದ್ದೆ.

"ಸರ, ನೀವು ಚಾ ಕುಡದು ಬರ್ರಿ. ನಿಮ್ಮ ಮಾರಿ ನೋಡಿದ್ರ ನನ್ನ ಕೈ ನಡಗತಾವ" ಎಂದು ಅಟ್ಟಿದರು.

ಬಣ್ಣ ಹೊಡೆಸಿಕೊಂಡು ಕಾರು ಮನೆಗೆ ಬಂದದ್ದು ಅಮಾವಾಸ್ಯೆಯ ದಿನವೇ. ಅವ್ವ ಕಾಯಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಟಪ್ಪೆಂದು ಒಡೆದು, ನೀರು ಸುರಿಯಲು ಬಾಗಿದಳು. ನನಗೇನು ತೋಚಿತೋ, ಮೊಣಕಾಲೂರಿ ಬಾನೆಟ್ಟಿನ ಮೇಲೆಯೇ ಬೊಗಸೆಯೊಡ್ಡಿದೆ. ನೀರು ಬೀಳಬೇಕಾದ ಕಡೆಗೇ ಬಿದ್ದಿತು, ನಡುವೆ ನನ್ನ ಕೈ ಇತ್ತು ಅಷ್ಟೆ. ಗಟಗಟ ಕುಡಿದೆ; ಹೊಸ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಜಾರಿದ ಹನಿಗಳನ್ನು ಅಂಗೈಯಿಂದ ಒರೆಸಿ ಕಣ್ಣಿಗೊತ್ತಿಕೊಂಡೆ.

ಗುಡಿಗೆ ಹೋದರೂ ಚಪ್ಪಲಿ ಕಾಯುತ್ತ ಹೊರಗೇ ನಿಲ್ಲುವ ಮಗ ಹೀಗೆ ಮೊಣಕಾಲೂರಿದ್ದು ಕಂಡು ಅವ್ವನ ಕಣ್ಣು ತುಂಬಿದವು.

"ಅಪ್ಪನ ಗಾಡಿ ಮುಂದರ ನಿನಗ ಭಕ್ತಿ ಬಂತಲ್ಲೋ ಯಪ್ಪಾ! ಭಾಳ ಛಲೋ ಆತು. ಬರೂ ಅಮಾಸಿಗೆ ಎರಡು ಕಾಯಿ ಒಡಿಯೂಣು" ಎಂದಳು.

ನನಗಿರುವುದು ಒಂದೇ ಬೊಗಸೆ.