ವೈಂಡಿಂಗ್ ಕಲಿಸಿದ ಚಿಕ್ಕಗಂಗಮ್ಮ

ಮಾಸ್ತಿ ಕಡೆಯ ಹಳ್ಳಿಯೊಂದರಲ್ಲಿ ಮುನಿಯಲ್ಲಪ್ಪನ ಎರಡನೇ ಮಗಳು ಚಿಕ್ಕಗಂಗಮ್ಮ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಹಿಪ್ಪುನೇರಳೆ ಸೊಪ್ಪು ಕೊಯ್ದುಕೊಂಡು ಮನೆಯಲ್ಲಿದ್ದಳು. ಅದು ಸಾವಿರದೊಂಬೈನೂರ ಎಂಬತ್ತರ ಆಸುಪಾಸು. ಒಂದು ದಿನ ಚನ್ನರಾಯಪ್ಪ ಮೇಷ್ಟ್ರು ಸೈಕಲ್ ತಳ್ಳಿಕೊಂಡು ಅವರ ಮನೆಗೆ ಬಂದರು. ಪಾಲಿಟೆಕ್ನಿಕ್ ಕಾಲೇಜೊಂದು ಹಳ್ಳಿ ಮಕ್ಕಳಿಗೆಂದು ಮಾಲೂರಿನಲ್ಲಿ ತರಬೇತಿ ಕೇಂದ್ರ ತೆರೆದಿತ್ತು. ಮೇಷ್ಟ್ರು ಅಲ್ಲಿ ವೈಂಡಿಂಗ್, ಅಂದರೆ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸ ಕಲಿಸುತ್ತಿದ್ದರು.

"ಹೆಣ್ಮಗೂಗೆ ಕರೆಂಟಿನ ಕೆಲ್ಸವಾ ಸಾರ್?" ಎಂದ ಮುನಿಯಲ್ಲಪ್ಪ.

"ಹೂ ಕಟ್ಟೋ ಕೈಗೆ ಇದೇನ್ ಕಷ್ಟ? ಹೊಸ ಮೋಟಾರ್ ಫ್ಯಾಕ್ಟ್ರಿಯವರು ನಮ್ಮನ್ನ ಕೇಳವ್ರೆ. ನೀವು ಕಲಿಸಿ ಕಳ್ಸಿ, ಕೆಲ್ಸ ನಾವು ಕೊಡ್ತೀವಿ ಅಂತ. ನಿಮ್ ಹುಡುಗಿ ಜವಾಬ್ದಾರಿ ನಂದು."

ಆ ಕೊನೆಯ ಮಾತಿಗೆ ಮುನಿಯಲ್ಲಪ್ಪ ಒಪ್ಪಿದ.

ಮೇಷ್ಟ್ರು ಬೈದು ಕಲಿಸುವವರಲ್ಲ. ತಂತಿ ಎಲ್ಲಾದರೂ ತರಚಿದ್ದರೆ ಸುತ್ತಿದ್ದನ್ನೆಲ್ಲ ಕತ್ತರಿಸಿ ಹಾಕಿ, "ಇನ್ನೊಂದ್ಸಲ" ಎನ್ನುತ್ತಿದ್ದರು, ಅಷ್ಟೇ. ಮಧ್ಯಾಹ್ನ ತಮ್ಮ ಡಬ್ಬಿಯ ಚಿತ್ರಾನ್ನವನ್ನು ಹುಡುಗಿಯರಿಗೆಲ್ಲ ಹಂಚುತ್ತಿದ್ದರು. ಚಿಕ್ಕಗಂಗಮ್ಮನಿಗೆ ಅವರು ಅಪ್ಪನಿಗಿಂತ ಒಂದು ಕೈ ಹೆಚ್ಚೇ ಆಗಿಬಿಟ್ಟರು.

ಫ್ಯಾಕ್ಟರಿ ಹೇಳಿದ ಹಾಗೆಯೇ ಮೊದಲ ಬ್ಯಾಚಿನವರನ್ನೆಲ್ಲ ತೆಗೆದುಕೊಂಡಿತು. ನೀಲಿ ಕೋಟು ತೊಟ್ಟು ಬಸ್ಸಿಳಿಯುವ ಚಿಕ್ಕಗಂಗಮ್ಮನನ್ನು ಊರು ತಿರುಗಿ ನೋಡಿತು. ಕೆಲಸ ಹಂಗಾಮಿ; ಇವತ್ತಲ್ಲ ನಾಳೆ ಪರ್ಮನೆಂಟ್ ಆಗುತ್ತದೆ ಎಂದು ಎಲ್ಲರೂ ನಂಬಿದ್ದರು.

ಎರಡು ವರ್ಷವಾದ ಮೇಲೆ ಮೇಷ್ಟ್ರು ಅವಳನ್ನು ಕರೆದು ಹೇಳಿದರು: "ಹೊಸ ಬ್ಯಾಚಿನವರು ಫ್ಯಾಕ್ಟ್ರಿಯೊಳಗೇ ಕಲೀಲಿ ಅಂತಾವ್ರೆ. ನೀನೇ ಕಲಿಸಮ್ಮ. ಇದೊಂದು ಮುಗೀಲಿ, ನಿಮ್ಮನ್ನೆಲ್ಲ ಪರ್ಮನೆಂಟ್ ಮಾಡ್ತಾರೆ. ಮ್ಯಾನೇಜರ್ ಹತ್ರ ನಾನೇ ಮಾತಾಡಿದೀನಿ."

ಹುಡುಗಿಯರನ್ನು ಸೇರಿಸಲು ಭಾನುವಾರಗಳಲ್ಲಿ ಅವಳನ್ನೂ ಜೊತೆಗೆ ಹಳ್ಳಿ ಹಳ್ಳಿಗೆ ಕರೆದೊಯ್ದರು. ಕೋಟು ಹಾಕಿಕೊಂಡೇ ಬಾ ಎಂದರು. ಅವಳದೇ ಬೀದಿಯ ವೆಂಕಟರತ್ನಮ್ಮ ತನ್ನ ಮಗಳು ಅಂಜಮ್ಮನನ್ನು ಕಳಿಸಲು ಹಿಂದೆಮುಂದೆ ನೋಡಿದಾಗ ಚಿಕ್ಕಗಂಗಮ್ಮನೇ, "ನಾನಿದೀನಲ್ಲತ್ತೆ, ಕಳ್ಸಿ" ಎಂದಳು.

ಅಂಜಮ್ಮನಿಗೆ ಕೈ ಬೇಗ ಕುದುರಿತು. ಉಳಿದವರೂ ತಡವಾಗಿಯಾದರೂ ಕಲಿತರು.

ರಾಗಿ ಕಟಾವು ಮುಗಿದ ಮೇಲೆ ಒಂದು ಸೋಮವಾರ, ಮೊದಲ ಬ್ಯಾಚಿನವರನ್ನು ಕಾವಲುಗಾರ ಗೇಟಿನಲ್ಲೇ ತಡೆದ. ಕೆಲಸ ಕಡಿಮೆಯಾಗಿದೆ, ನೀವಿನ್ನು ಬರುವುದು ಬೇಡ ಎಂದು ಮ್ಯಾನೇಜರ್ ಹೇಳಿಕಳಿಸಿದ್ದರು. ಅಷ್ಟರಲ್ಲಿ ಅಂಜಮ್ಮ ಮತ್ತು ಜೊತೆಯವರು ತಲೆ ತಗ್ಗಿಸಿ ಒಳಗೆ ಹೋದರು. ಒಳಗೆ ಕೆಲಸ ನಡೆಯುತ್ತಲೇ ಇತ್ತು. ಕಲಿಯುವವರಿಗೆ ಸಂಬಳ ಕೊಡಬೇಕಿರಲಿಲ್ಲ, ಭತ್ಯೆ ಸಾಕಿತ್ತು.

ಜೊತೆಗೆ ಕಲಿತಿದ್ದ ಬೈರಮ್ಮ ಅಲ್ಲೇ ತಿರುಗಿಬಿದ್ದಳು. "ಕಲ್ಸಿದ್ದು ನೀನೇ ಕಣೇ. ನಮ್ ಹೊಟ್ಟೆ ಮೇಲೆ ನೀನೇ ಹೊಡ್ದೆ."

ಚಿಕ್ಕಗಂಗಮ್ಮ ಒಬ್ಬಳೇ ತರಬೇತಿ ಕೇಂದ್ರಕ್ಕೆ ನಡೆದಳು. ಮ್ಯಾನೇಜರ್ ಮೇಷ್ಟ್ರಿಗೂ ಮೋಸ ಮಾಡಿದ್ದಾನೆ, ಪಾಪ ಅವರಿಗಿನ್ನೂ ಗೊತ್ತಿಲ್ಲ ಎಂದೇ ದಾರಿಯುದ್ದಕ್ಕೂ ಅಂದುಕೊಂಡಳು. ಅವಳನ್ನು ಕಂಡವರೇ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿತ್ತಮ್ಮ. ಹೊಸಬ್ರು ಸೇರ್ತಾನೇ ಇರದಿದ್ರೆ ಕಾಲೇಜಿನವ್ರು ಕೇಂದ್ರಾನೇ ಮುಚ್ಚಿಸ್ತಾರೆ. ನೀವೇ ಅಲ್ಲಿ ಕೂತ್ರೆ ಅವ್ರಿಗೆ ಜಾಗ ಎಲ್ಲಿ?"

"ಮತ್ತೆ ನನ್ ಕೈಲೇ ಯಾಕೆ ಕಲ್ಸಿದ್ರಿ? ನನ್ನನ್ನೇ ಯಾಕೆ ಊರೂರು ತಿರುಗ್ಸಿದ್ರಿ?"

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. "ನನ್ ಮಾತು ಯಾರೂ ನಂಬ್ತಿರಲಿಲ್ಲ. ನೀನು ಹೇಳಿದ್ರೆ ನಂಬ್ತಾರೆ."

ಅವಳಿಗೆ ಅಳುವೂ ಬರಲಿಲ್ಲ. ಬಸ್ಸಿಗೆ ಕಾಯದೆ ಸುಮಾರು ದೂರ ನಡೆದೇ ಹೋದಳು.

ಮರುವರ್ಷ ಮೂರನೇ ಬ್ಯಾಚು ಬಂದಾಗ ಅಂಜಮ್ಮನನ್ನೂ ಕೆಲಸದಿಂದ ತೆಗೆದರು. ಬಾಗಿಲಿಗೆ ಬಂದು ನಿಂತ ವೆಂಕಟರತ್ನಮ್ಮನಿಗೆ ಸಿಟ್ಟಿನಲ್ಲಿ ಮನೆಮಾತು ತೆಲುಗೇ ಬಂತು. "ನಿನ್ನೇ ಕದಾ ನಮ್ಮಿಂಡೇದಿ! ನಿನ್ನ ನಂಬಿ ಅಲ್ವೇನೇ ಕಳ್ಸಿದ್ದು?" ನಾನೂ ಮೋಸ ಹೋದವಳೇ ಎಂದು ಹೇಳಲು ಚಿಕ್ಕಗಂಗಮ್ಮನಿಗೆ ಬಾಯಿ ಬರಲಿಲ್ಲ. ಅಂದು ಮಾತು ಕೊಟ್ಟವಳು ತಾನಲ್ಲವೆ?

ಬಹಳ ಕಾಲ ಅವಳು ತಂತಿ ಮುಟ್ಟಲಿಲ್ಲ. ಒಂದು ಬೇಸಿಗೆಯಲ್ಲಿ ಅವರದೇ ಬಾವಿಯ ಮೋಟಾರು ಸುಟ್ಟು, ಅಪ್ಪ ಅದನ್ನು ಗಾಡಿಗೆ ಹೇರುತ್ತಿದ್ದಾಗ, "ಇಳಿಸಪ್ಪ, ನಾನ್ ನೋಡ್ತೀನಿ" ಎಂದಳು. ಅದು ಓಡಿತು. ಆಮೇಲೆ ಪಕ್ಕದವರ ಮೋಟಾರು ಬಂತು. ಕೊನೆಗೆ ಮಾಸ್ತಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಹಿಡಿದಳು. ಬೈರಮ್ಮನನ್ನು ಕರೆದಳು, ಬರಲಿಲ್ಲ, ಮಾತೂ ಆಡಲಿಲ್ಲ. ಅಂಜಮ್ಮ ತಾಯಿಯ ಜೊತೆ ಜಗಳವಾಡಿ ಬಂದು ಸೇರಿದಳು.

ನಾಲ್ಕೈದು ವರ್ಷ ಕಳೆದ ಮೇಲೆ ಮೇಷ್ಟ್ರು ಆ ಮಳಿಗೆಗೆ ಬಂದರು. ಕೂದಲು ಬೆಳ್ಳಗಾಗಿತ್ತು. ಅಂಜಮ್ಮ ಅವರತ್ತ ನೋಡದೆ ಕಾಫಿ ತಂದಿಟ್ಟಳು.

"ಕೇಂದ್ರಕ್ಕೆ ಒಂದ್ಸಲ ಬಾಮ್ಮ. ಹೊಸ ಹುಡುಗೀರ ತಂದೆತಾಯಿ ಬರ್ತಾರೆ. ಸ್ವಂತ ಅಂಗಡಿ ಇಟ್ಟಿದೀಯ, ನಿನ್ ಬಾಯಿಂದ ನಾಲ್ಕು ಮಾತು ಕೇಳಿದ್ರೆ ಅವ್ರಿಗೂ ಧೈರ್ಯ."

"ಬರ್ತೀನಿ ಸಾರ್," ಎಂದಳು ಚಿಕ್ಕಗಂಗಮ್ಮ. "ಆದ್ರೆ ಫ್ಯಾಕ್ಟ್ರಿ ಗೇಟಲ್ಲಿ ಏನಾಯ್ತೋ ಅದನ್ನೂ ಹೇಳ್ತೀನಿ."

ಮೇಷ್ಟ್ರು ಅರ್ಧ ಕಾಫಿ ಬಿಟ್ಟು ಎದ್ದರು. ಹೊರಡುವಾಗ ಮೇಜಿನ ಮೇಲಿದ್ದ ಮೋಟಾರಿನೊಳಗೆ ಬಗ್ಗಿ ನೋಡಿ, ತಂತಿಯ ಮೇಲೆ ಬೆರಳಾಡಿಸಿ, "ಚೆನ್ನಾಗಿ ಸುತ್ತಿದೀಯ" ಎಂದರು. ಮತ್ತೆ ಕರೆಯಲು ಬರಲಿಲ್ಲ.

ಆ ಒಂದು ಹೊಗಳಿಕೆಗೆ ತನ್ನ ಮನಸ್ಸು ಹಿಗ್ಗಿದ್ದು ಚಿಕ್ಕಗಂಗಮ್ಮನಿಗೆ ತಿಳಿಯಿತು. ಇಷ್ಟೆಲ್ಲ ಆದ ಮೇಲೂ ಹಿಗ್ಗಿತಲ್ಲ ಎಂದು, ಗೇಟಿನಲ್ಲಿ ನಿಂತ ದಿನ ಬಾರದ ಅಳು ಆಗ ಬಂತು. ಬೀದಿಯವರಿಗೆ ಕಾಣದ ಹಾಗೆ ಅಂಜಮ್ಮ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದಳು.