ಪ್ರಬಂಧಕ್ಕೆ ಸಾಕ್ಷಿ ಹೇಳಲು ಹೋದವರು

ಗಡಿಯ ಊರು ದಾಳಿಂಬದಲ್ಲಿ ಕುರಿಗಾರ ಅಮೋಘಸಿದ್ಧನಿಗೆ ಸುದ್ದಿ ಹೇಳುವುದೆಂದರೆ ಸುಲಭದ ಮಾತಲ್ಲ. ಹತ್ತಿರದ ಕಾಸಾರಶಿರಸಿಯಲ್ಲಿ ಮಳೆ ಬಂತಂತೆ ಎಂದರೂ ಸಾಕು, "ಯಾರು ಕಂಡಾರ?" ಎನ್ನುವ ಆಸಾಮಿ. ಟಗರು ಕೊಳ್ಳಲು ಹೋದರೆ ಅದರ ತಾಯಿ ಯಾರ ಹಿಂಡಿನದು, ಆ ತಾಯಿಯ ತಾಯಿ ಎಲ್ಲಿಯದು ಎಂದು ಕೇಳಿ ಕೇಳಿ ಮಾರುವವನ ತಲೆ ತಿಂದುಬಿಡುತ್ತಾನೆ. "ಹಿಂಗ ಕೇಳ್ಕೋತ ನಿಂತು ನಮ್ಮ ಲಗ್ನದಾಗ ಅಕ್ಷತಾ ಬೀಳೂ ವ್ಯಾಳ್ಯಾನೂ ತಪ್ಪಿಸಿದ್ರಿ" ಎಂದು ಹೆಂಡತಿ ಗುರಮ್ಮ ಇವತ್ತಿಗೂ ಹಂಗಿಸುತ್ತಾಳೆ.

ಒಮ್ಮೆ ಮಾತ್ರ ಅವನು ಕೇಳದೆ ನಂಬಿದ್ದ. ಮಗಳು ಪೂನಮ ಇನ್ನೂ ತೊಟ್ಟಿಲಲ್ಲಿದ್ದಾಗ ಕುರಿಗಳಿಗೆ ಜ್ವರ ಬಂದು ನಾಲಿಗೆ ನೀಲಿಯಾಗಿತ್ತು. ನಿಲಂಗಾದಿಂದ ಸಿದ್ಧೇಶ್ವರ ಎಂಬ ದನದ ಡಾಕ್ಟರ್ ಬಂದು ರಕ್ತ ತೆಗೆದು, ಏನು ರೋಗವೆಂದು ತಿಳಿಸುತ್ತೇನೆ ಎಂದು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಆ ಸಿಟ್ಟು ಅಮೋಘಸಿದ್ಧನಿಗೆ ಇನ್ನೂ ಇಳಿದಿಲ್ಲ.

ಪೂನಮ ಈಗ ಉದಗೀರದಲ್ಲಿ ಪಶುವೈದ್ಯಕೀಯ ಓದುತ್ತಾಳೆ. ಕುರಿಗಳ ನೀಲಿ ನಾಲಿಗೆ ರೋಗದ ಮೇಲೆ ಪ್ರಬಂಧ ಬರೆದಿದ್ದಳು. ಒಪ್ಪಿಗೆಯಾದರೆ ಪುಣೆಯ ವಿದ್ಯಾರ್ಥಿ ಸಮ್ಮೇಳನದಲ್ಲಿ ಅವಳೇ ಓದಬೇಕು. ಆದರೆ ಒಂದು ಸಂಜೆ ಅಳುತ್ತಲೇ ಫೋನ್ ಮಾಡಿದಳು.

"ಅಪ್ಪಾ, ಮೇಡಂ ಪ್ರಬಂಧ ಹೊಳ್ಳಿ ಕೊಟ್ಟಾರ. ಈ ರೋಗ ನಮ್ಮ ಭಾಗದಾಗೂ ಬಂದಿತ್ತು ಅಂತ ಮೊಬೈಲ್ ನೋಡಿ ಬರದಿದ್ದೆ. ಮೊಬೈಲ್‌ನಾಗ ಸಿಕ್ಕದ್ದೆಲ್ಲಾ ಒಬ್ಬರದ್ದೊಬ್ಬರು ನೋಡಿ ಬರದದ್ದಂತ. ತಿಳದವರು ಹೌದು ಅಂದದ್ದು ಬೇಕಂತ. ಸೋಮವಾರದೊಳಗ ತರಲಿಲ್ಲಂದ್ರ ಪುಣೆ ಮುಗೀತು."

ಅಮೋಘಸಿದ್ಧನಿಗೆ ಮೇಡಂ ಮೇಲೆ ಸಿಟ್ಟೇ ಬರಲಿಲ್ಲ ನೋಡಿ. ಭಲೆ, ಸರಿಯಾಗೇ ಕೇಳಿದ್ದಾರೆ! ತಿಳಿದವರು ಹೌದು ಅನ್ನಬೇಕು, ಅಷ್ಟೇ ತಾನೇ? ಅವರ ಕುರಿಗಾರರಲ್ಲಿ ಯಾವ ಮಾತಿಗೆ ಅನುಮಾನ ಬಂದರೂ ಹಿರಿಯರು ಬೀರಪ್ಪ ದೇವರ ಭಂಡಾರದ ಅರಿಶಿನ ಮುಟ್ಟಿ ಹೌದೆಂದರೆ ಮುಗಿಯಿತು, ಆಮೇಲೆ ಯಾರೂ ತುಟಿಪಿಟಕ್ ಎನ್ನುವಂತಿಲ್ಲ. ಮರುದಿನ ಬೆಳಿಗ್ಗೆಯೇ ಹಿರಿಯರನ್ನೆಲ್ಲ ಆಟೋದಲ್ಲಿ ತುಂಬಿಕೊಂಡು ಉಮರ್ಗಾಕ್ಕೆ ಬಂದು, ಉದಗೀರದ ಬಸ್ಸು ಹತ್ತಿಸಿದ.

ಕಾಲೇಜಿನ ಗ್ರಂಥಾಲಯದಲ್ಲಿ ಜಯಮಾಲಾ ಮೇಡಂ ಪೂನಮಳಿಗೆ ಏನೋ ತಿಳಿಸಿ ಹೇಳುತ್ತಿದ್ದರು. ಅಷ್ಟರಲ್ಲಿ ಕಂಬಳಿ, ರುಮಾಲುಗಳ ದಂಡು ಒಳಗೆ ನುಗ್ಗಿತು.

"ನಮಸ್ಕಾರ್ರೀ ಬಾಯಾರ. ಹುಡುಗಿ ಬರದದ್ದು ಖರೇ ಅದ. ನಾವೆಲ್ಲಾ ಕಣ್ಣಾರೆ ಕಂಡೀವಿ" ಎಂದ ಅಮೋಘಸಿದ್ಧ, ಅರಿಶಿನದ ಚೀಲ ಬಿಚ್ಚುತ್ತ. "ಹೇಳ್ರಿ, ಎಲ್ಲಿ ನಿಂತು ಭಂಡಾರ ಮುಟ್ಟಬೇಕು?"

ಪೂನಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮೇಡಂ ನಿಲಂಗಾದವರು, ಕನ್ನಡ ಬಲ್ಲವರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಎಲ್ಲರಿಗೂ ಕುರ್ಚಿ ಹಾಕಿಸಿದರು.

"ಕಾಕಾ, ಇಲ್ಲೀನೂ ನಿಮ್ಮಂಥದೇ ಪದ್ಧತಿ ಅದ್ರೀ. ಒಬ್ಬರು ಬರದದ್ದನ್ನ ಅದೇ ವಿದ್ಯಾ ಕಲ್ತ ಬ್ಯಾರೇದವರು ತಪಾಸ ಮಾಡಿ ಹೌದಂದ ಮ್ಯಾಲೇ ಛಾಪಿಸ್ತಾರ. ಅಂಥಾ ಲೇಖ ಬೇಕ್ರೀ. ನೀವು ಹೇಳೂದು ಖರೇನೇ, ಆದ್ರ ಪುಣೆದವರು ಅದನ್ನ ಎಲ್ಲಿ ತಗದು ನೋಡಬೇಕು?"

ಅಮೋಘಸಿದ್ಧ ಪೆಚ್ಚಾದ. ಅಷ್ಟು ದೂರ ಬಂದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತೇ?

ಪಕ್ಕದಲ್ಲಿದ್ದ ಹಿರಿಯ ಭೀಮಾಶಂಕರ ನಿಟ್ಟುಸಿರಿಟ್ಟ. "ಆ ರಕ್ತಾ ಒಯ್ದ ಡಾಕ್ಟರ್ ಇದ್ದಿದ್ರ ಹೇಳ್ತಿದ್ದ."

"ಆ ಸಿದ್ಧೇಶ್ವರನ ಹೆಸರು ತಗೀಬ್ಯಾಡ ಮಾರಾಯಾ!" ಎಂದು ಅಮೋಘಸಿದ್ಧ ಸಿಡಿದ.

ಪೂನಮ ಮುಖದಿಂದ ಕೈ ತೆಗೆದಳು. "ಯಾವ ರಕ್ತಾ ಅಪ್ಪಾ? ಯಾವ ಸಿದ್ಧೇಶ್ವರ?"

ಅಪ್ಪ ಬೈಯುತ್ತಲೇ ಎಲ್ಲ ಹೇಳಿದ. ಅವಳು ಇಷ್ಟು ದಿನ ರೋಗದ ಹೆಸರಿನಿಂದಷ್ಟೇ ಹುಡುಕಿದ್ದಳು. ಈಗ ಡಾಕ್ಟರರ ಹೆಸರನ್ನೂ ಜಿಲ್ಲೆಯ ಹೆಸರನ್ನೂ ಕಂಪ್ಯೂಟರಿನಲ್ಲಿ ಒತ್ತಿದಳು. ಹಳೆಯ ಪಶುವೈದ್ಯ ಪತ್ರಿಕೆಯೊಂದರ ಇಂಗ್ಲಿಷ್ ಲೇಖನ ತೆರೆದುಕೊಂಡಿತು. ಉಮರ್ಗಾ ತಾಲೂಕು, ದಾಳಿಂಬ, ಕುರಿಗಳ ರಕ್ತ, ನೀಲಿ ನಾಲಿಗೆ ರೋಗ: ಎಲ್ಲವೂ ಅಲ್ಲಿತ್ತು! ಮೇಡಂ ಚಪ್ಪಾಳೆ ತಟ್ಟಿದರು.

ಅಮೋಘಸಿದ್ಧ ಬಿಡುತ್ತಾನೆಯೇ? "ಇಂವಾ ಯಾರನ್ನ ಕೇಳಿ ಬರದಾನ?"

ಲೇಖನದ ಕೊನೆಗೆ ಅದೂ ಇತ್ತು. ಅಲ್ಲಿದ್ದ ಹೆಸರು ಹಿಡಿದು ಪೂನಮ ಅದಕ್ಕೂ ಹಿಂದಿನ ಲೇಖನಕ್ಕೆ ಹೋದಳು, ಅಲ್ಲಿಂದ ಮತ್ತೊಂದಕ್ಕೆ. ಅಪ್ಪ ಟಗರಿನ ತಾಯಿ, ಅಜ್ಜಿಯನ್ನು ಹುಡುಕಿಕೊಂಡು ಹೋಗುವಂತೆಯೇ! ಮಧ್ಯಾಹ್ನದ ಹೊತ್ತಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಸಿಕ್ಕಿತು. "ಪುಣೆಗೆ ತಯಾರಿ ಮಾಡ್ಕೋ" ಎಂದರು ಮೇಡಂ.

ಲೇಖನಗಳನ್ನು ಮುಚ್ಚುವ ಮುಂಚೆ ಪೂನಮ ಮೊದಲ ಲೇಖನದ ಕಟ್ಟಕಡೆಯ ಸಾಲು ಓದಿದಳು. ಅಪ್ಪನ ತೋಳು ಹಿಡಿದು ಪರದೆಯತ್ತ ಎಳೆದಳು. "ಅಪ್ಪಾ, ಇಲ್ಲಿ ಬರದಾರ: ತಮ್ಮ ಕುರಿಗಳನ್ನು ಮುಟ್ಟಲು ಬಿಟ್ಟ ದಾಳಿಂಬದ ಅಮೋಘಸಿದ್ಧ ಮತ್ತು ಅವರ ಬಳಗಕ್ಕೆ ನಾವು ಋಣಿ."

ಅಮೋಘಸಿದ್ಧ ಪರದೆಗೆ ಮುಖ ಹತ್ತಿರ ತಂದ. ಒಂದು ಅಕ್ಷರವೂ ಅವನಿಗೆ ಓದಲು ಬಾರದು. ಚೀಲದಿಂದ ಚಿಟಿಕೆ ಭಂಡಾರ ತೆಗೆದ.

"ಕಂಪ್ಯೂಟರ್ ಮ್ಯಾಲ ಬ್ಯಾಡ್ರೀ ಕಾಕಾ!" ಎಂದು ಮೇಡಂ ಕೂಗಿದರು. ಅವನು ಅದನ್ನು ಮಗಳ ಹಣೆಗೆ ಹಚ್ಚಿದ.

ಭೀಮಾಶಂಕರನಿಗೆ ಇಂಥ ಅವಕಾಶ ಜನ್ಮದಲ್ಲಿ ಸಿಕ್ಕಿರಲಿಲ್ಲ. ಮೀಸೆಯಲ್ಲೇ ನಗುತ್ತ ಕೇಳಿದ: "ಅದರಾಗ ನಿನ್ನ ಹೆಸರು ಅದ ಅಂತ ಯಾರು ಕಂಡಾರೋ?"

"ನನ್ನ ಮಗಳು ಕಂಡಾಳ" ಎಂದ ಅಮೋಘಸಿದ್ಧ.